ಬುಟ್ಟಿಯಿಂದ ಮೊದಲು ತೆಗೆಯಬೇಕಾದ್ದು

ಪತ್ರ: ನನ್ನ ಆಪ್ತ ಗೆಳತಿಗೆ ಕ್ಯಾನ್ಸರಿಗೆಂದು ಕೀಮೋ ಚಿಕಿತ್ಸೆ ಶುರುವಾಗಿದೆ. ಅವಳಿಗೆಂದು ಒಂದು ಉಡುಗೊರೆ ಬುಟ್ಟಿ ಜೋಡಿಸಿದ್ದೇನೆ. ಹೂಗುಚ್ಛ, ಪರಿಮಳದ ಮೇಣದಬತ್ತಿ, ಸೆಂಟು, ವಿಟಮಿನ್ ಡಬ್ಬಿ, 'ಮನಸ್ಸಿದ್ದರೆ ಗೆಲುವು' ಅನ್ನುವ ಥರದ ಒಂದು ಪುಸ್ತಕ ಇಟ್ಟಿದ್ದೇನೆ. ಇನ್ನೇನು ಸೇರಿಸಲಿ? – ಓದುಗರೊಬ್ಬರು

ಸಂಪಾದಕರ ಉತ್ತರ: ಸೇರಿಸುವ ಮಾತು ಆಮೇಲೆ. ಮೊದಲು ಒಂದಷ್ಟು ತೆಗೆಯೋಣ. ಬೇಜಾರು ಮಾಡ್ಕೋಬೇಡಿ. ಕೊಡುವ ಮೊದಲು ನಿಮ್ಮ ಹಾಗೆ ಕೇಳುವವರೇ ಕಡಿಮೆ, ಕೊಟ್ಟು ಫೋಟೊ ಹಾಕುವವರೇ ಜಾಸ್ತಿ.

ಹೂ ನೋಡಿದರೆ ಮನಸ್ಸು ಅರಳುತ್ತೆ, ಒಪ್ಪಿದೆ. ಆದರೆ ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕೂದಲ ಬುಡ, ಬಾಯಿಯ ಒಳಪೊರೆ, ರಕ್ತಕಣ ಹುಟ್ಟುವ ಮೂಳೆಮಜ್ಜೆ ಯಾವುದಕ್ಕೂ ಪೆಟ್ಟು ಬೀಳಬಹುದು. ಔಷಧ ಹಾಕಿದ ಮೇಲೆ ಸಾಮಾನ್ಯವಾಗಿ 7ರಿಂದ 14 ದಿನಗಳ ಹೊತ್ತಿಗೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಹೂದಾನಿಯ ನೀರಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಹೆದರಬೇಕು. ಹೂವನ್ನು ವಾರ್ಡಿನೊಳಗೇ ಬಿಡದ ಆಸ್ಪತ್ರೆಗಳಿವೆ. ಮೇಣದಬತ್ತಿ, ಸೆಂಟು ಎರಡನ್ನೂ ನೀವೇ ಇಟ್ಟುಕೊಳ್ಳಿ. ನಿಮಗೆ ಘಮ ಅನಿಸಿದ್ದು ಅವಳಿಗೆ ವಾಕರಿಕೆ ತರಿಸಬಹುದು.

ವಿಟಮಿನ್ ಒಳ್ಳೇದೇ ಅಲ್ವಾ ಅಂತೀರಿ. 1948ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್, ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿದ್ದನ್ನು ವರದಿ ಮಾಡಿದರು. ಅವರು ಕೊಟ್ಟ ಅಮಿನೊಪ್ಟೆರಿನ್ ಎಂಬ ಔಷಧ ಕೆಲಸ ಮಾಡಿದ್ದೇ ಫೋಲಿಕ್ ಆಮ್ಲ ಎಂಬ ವಿಟಮಿನ್ನಿಗೆ ಅಡ್ಡ ನಿಂತು! ಅಂದರೆ ವಿಟಮಿನ್ನೂ ಕೆಲವೊಮ್ಮೆ ಔಷಧಕ್ಕೆ ಅಡ್ಡ ಬರಬಹುದು. ಹಾಗಾಗಿ ಡಬ್ಬಿ, ಪುಡಿ, ಕಷಾಯ ಯಾವುದೇ ಇರಲಿ, ವೈದ್ಯರನ್ನು ಕೇಳದೆ ಕೊಡಬೇಡಿ.

ನನ್ನ ಚಿಕ್ಕಮ್ಮನಿಗೆ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಕೊಡುತ್ತಿದ್ದರು. ಆ ಔಷಧ ಹಾಕಿದ ಮೇಲೆ ಕೆಲವು ದಿನ ತಣ್ಣಗಿನದ್ದು ಏನು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಳ್ಳುತ್ತದೆ. ನೋಡಲು ಬಂದವರೆಲ್ಲ 'ತಂಪಾಗಲಿ' ಅಂತ ತಣ್ಣಗಿನ ಜ್ಯೂಸ್ ತಂದರು. ಪಕ್ಕದ ಮನೆಯ ಒಬ್ಬಾಕೆ ಮಾತ್ರ ಒಂದು ಜೊತೆ ಉಣ್ಣೆಯ ಕೈಗವಸು ತಂದು ಫ್ರಿಜ್ಜಿನ ಹಿಡಿಗೆ ಸಿಕ್ಕಿಸಿದರು. 'ಬಾಗಿಲು ತೆಗೆಯುವಾಗ ಹಾಕ್ಕೊಳ್ಳಿ' ಅಂದರು, ಹೋದರು. ಕೂರಲೂ ಇಲ್ಲ. ಇನ್ನೊಂದು ಸಲ ಬಂದಾಗ ಒಂದು ಮರದ ಚಮಚ ಕೊಟ್ಟರು. ಸ್ಟೀಲ್ ಚಮಚದಲ್ಲಿ ತಿಂದರೆ ಬಾಯೆಲ್ಲ ಲೋಹದ ರುಚಿ ಅಂತ ಚಿಕ್ಕಮ್ಮ ಯಾರ ಹತ್ತಿರವೋ ಗೊಣಗಿದ್ದು ಅವರ ಕಿವಿಗೆ ಬಿದ್ದಿತ್ತು. ಉಡುಗೊರೆ ಅಂದ್ರೆ ನನಗೆ ಇದು. ರೋಗಿಯ ಈ ವಾರದ ಮೈ ಹೇಗಿದೆ ಅಂತ ತಿಳಿದುಕೊಂಡು ಕೊಟ್ಟದ್ದು.

ಇನ್ನು ಆ ಪುಸ್ತಕ. ಅದನ್ನಂತೂ ದಯವಿಟ್ಟು ಕೊಡಬೇಡಿ. ತಲೆ–ಕುತ್ತಿಗೆ ಕ್ಯಾನ್ಸರ್ ಇದ್ದ 1,093 ಜನರನ್ನು ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮನಸ್ಸು ಗೆಲುವಾಗಿದ್ದವರು ಅದರಿಂದಾಗಿ ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಾಣಲಿಲ್ಲ. ಧೈರ್ಯ ಬೇಡ ಅಂತಲ್ಲ. ಆದರೆ 'ಮನಸ್ಸಿದ್ದರೆ ಗೆಲುವು' ಅಂದವರು, ನಾಳೆ ಸ್ಕ್ಯಾನ್ ಕೆಟ್ಟದಾಗಿ ಬಂದರೆ ಏನಂತಾರೆ? ಮನಸ್ಸು ಸಾಲಲಿಲ್ಲ ಅಂತಲೇ? ಮೈ ನೋವು ಸಾಲದು ಅಂತ ಮೇಲೊಂದು ತಪ್ಪಿನ ಭಾರ. ಅಳಬೇಕು ಅನಿಸಿದವರನ್ನು ಅಳಲೂ ಬಿಡದ ಈ ಉತ್ಸಾಹ ಎಲ್ಲಿಂದ ಬಂತೋ! ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು ಅಂತ ಅಕ್ಟೋಬರ್ ಬಂದರೆ ಸಾಕು, ಅಂಗಡಿಯ ಸಾಮಾನೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಪತ್ರಿಕೆಗೂ ಅಂಥ ಜಾಹೀರಾತು ಬರುತ್ತವೆ, ಜಾಹೀರಾತು ವಿಭಾಗದವರು ಇದನ್ನು ಓದಿ ಮುಖ ಊದಿಸಿಕೊಳ್ಳಲಿ ಪರವಾಗಿಲ್ಲ.

'ಏನಾದ್ರೂ ಬೇಕಿದ್ರೆ ಹೇಳು' ಅನ್ನುವುದೂ ಅಷ್ಟೇ. ಏನು ಬೇಕು, ಯಾರನ್ನು ಕೇಳಬೇಕು ಅಂತ ಯೋಚಿಸುವ ಕೆಲಸವನ್ನೂ ಸುಸ್ತಾದವರ ತಲೆಗೇ ಕಟ್ಟಿದ ಹಾಗೆ. 'ಗುರುವಾರ ಬರ್ತೀನಿ, ಒಗೆಯೋ ಬಟ್ಟೆ ಬಾಗಿಲ ಹತ್ತಿರ ಇಡು' ಅನ್ನಿ. ಕೀಮೋದ ಮೊದಲ ಸುತ್ತಿಗೆ ಮನೆ ತುಂಬ ಜನ ಇರುತ್ತಾರೆ, ನಾಲ್ಕನೇ ಸುತ್ತಿಗೆ ಫೋನೂ ಬರುವುದಿಲ್ಲ. ನಿಮ್ಮ ಗುರುವಾರ ಆಗಲೂ ಇರಲಿ.

ಬುಟ್ಟಿ ಖಾಲಿಯಾಯಿತು ಅಂತ ಮುನಿಸಿಕೊಂಡಿರಾ? ಸರಿ, ತುಂಬೋಣ. ವಾಸನೆಯಿಲ್ಲದ ಕ್ರೀಮು, ಮೆತ್ತನೆಯ ಟೂತ್‌ಬ್ರಷ್, ಮುಂದೆ ಗುಂಡಿ ಇರುವ ಸಡಿಲ ಅಂಗಿ, ಹೊದೆಯಲು ಹಗುರವಾದ ಶಾಲು ಇಡಿ. ಔಷಧ ಹಾಕುವ ಕೋಣೆ ಚಳಿ ಇರುತ್ತೆ. ವಿಗ್ ಮಾತ್ರ ನೀವಾಗಿ ಕೊಳ್ಳಬೇಡಿ. ಎಲ್ಲ ಬಗೆಯ ಕೀಮೋದಲ್ಲೂ ಕೂದಲು ಉದುರಲೇಬೇಕು ಅಂತಿಲ್ಲ, ಉದುರಿದರೂ ಮುಚ್ಚಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು. ಕೊನೆಗೆ ಒಂದು ಒಳ್ಳೆಯ ಥರ್ಮಾಮೀಟರ್. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕು. ನಡುರಾತ್ರಿ ಹಾಗಾದರೆ ಕಾರು ತರುವವರು ಯಾರು ಅಂತ ಅವಳ ಮನೆಯವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ.