ವಾಕ್ಯ ಮುಗಿಯುವಷ್ಟರಲ್ಲಿ ಮೊದಲ ಪದ ಮರೆತರೆ?

ಪ್ರಶ್ನೆ: ಮಗ ಮೂರನೇ ತರಗತಿ. ಅಕ್ಷರಗಳೆಲ್ಲ ಗೊತ್ತು, ಆದರೂ ವಾಕ್ಯ ಓದಿ ಮುಗಿಸಿದ ಮೇಲೆ ಏನು ಓದಿದೆ ಎಂದರೆ ಸುಮ್ಮನಿರುತ್ತಾನೆ. ‘ಎಕ್ಸಿಕ್ಯುಟಿವ್ ಫಂಕ್ಷನ್ ವೀಕ್’ ಅಂದರು. ಮೆಮೊರಿ ಆ್ಯಪ್ ಕೊಡಿಸಬೇಕೆ?
– ಒಬ್ಬ ತಾಯಿ, ಶಿರಾ

ಉತ್ತರ: ಬುದ್ಧಿ ಕಡಿಮೆ ಎಂದು ಅದರ ಅರ್ಥವಲ್ಲ. ಓದಿದ್ದನ್ನು ಕೆಲ ಕ್ಷಣ ತಲೆಯಲ್ಲಿ ಹಿಡಿದಿಡುವುದು, ಬಾಯಿಗೆ ಮೊದಲು ಬಂದದ್ದನ್ನು ತಡೆಯುವುದು, ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವುದು – ಈ ಮೂರಕ್ಕೂ ಸೇರಿ ಇಟ್ಟ ಹೆಸರು ‘ಎಕ್ಸಿಕ್ಯುಟಿವ್ ಫಂಕ್ಷನ್’.

‘ಸೂರ್ಯ’ ಪದವನ್ನೇ ನೋಡಿ. ‘ಸೂ’ ಆದ ಮೇಲೆ ಕಣ್ಣಿಗೆ ಬೀಳುವುದು ‘ಯ’, ಅರ್ಕಾವೊತ್ತು ಅದರಾಚೆ. ನಾಲಿಗೆಗೆ ಮಾತ್ರ ‘ರ್’ ಮೊದಲು ಬರಬೇಕು. ಮಗು ‘ಯ’ವನ್ನು ತಡೆದು, ಮುಂದಿನ ಗುರುತು ನೋಡಿ, ಹಿಂದಕ್ಕೆ ಬಂದು ಜೋಡಿಸಬೇಕು. ನಮಗೆ ಗೊತ್ತೇ ಆಗದ ಈ ಕೆಲಸಕ್ಕೆ ಅದರ ಗಮನವೆಲ್ಲ ಖರ್ಚಾದರೆ ಅರ್ಥ ಹಿಡಿಯಲು ಏನೂ ಉಳಿಯದು.

ಮೊದಲು ಒಂದು ಪರೀಕ್ಷೆ. ಅವನು ಓದಿದ ವಾಕ್ಯವನ್ನೇ ನೀವು ಓದಿ ಹೇಳಿ. ಕೇಳಿದಾಗ ಅರ್ಥವಾದರೆ ಮರೆವಿನ ದೂರು ಬಿಡಿ, ತೊಡಕು ಅಕ್ಷರ ಬಿಡಿಸುವುದರಲ್ಲಿದೆ. ‘ಎಲ್ಲ ಗೊತ್ತು’ ಎಂದರೆ ಸಾಮಾನ್ಯವಾಗಿ ವರ್ಣಮಾಲೆ ಗೊತ್ತು ಎಂದಷ್ಟೇ. ಕಾಗುಣಿತ, ಒತ್ತಕ್ಷರ ಪಳಗಲು ನಾಲ್ಕನೇ ತರಗತಿವರೆಗೂ ಹಿಡಿಯುವುದುಂಟು. ಕೇಳಿದ್ದೂ ನಿಲ್ಲದೆ, ‘ಚೊಂಬು ಇಟ್ಟು, ಬಾಗಿಲು ಹಾಕಿ, ಚೀಲ ತಾ’ ಅಂದರೆ ಬಾಗಿಲಿಗೇ ನಿಲ್ಲುತ್ತಿದ್ದರೆ ಹಿಡಿದಿಡುವ ಶಕ್ತಿಯ ಮೇಲೆ ಕಣ್ಣಿಡಿ.

ದಿನಕ್ಕೆ 10 ನಿಮಿಷ ಸಾಕು. ಪಾಠದಲ್ಲಿ ಬರುವ 6–8 ಒತ್ತಕ್ಷರದ ಪದಗಳನ್ನು ಚೀಟಿಯಲ್ಲಿ ಬರೆದು ಮೊದಲೇ ಓದಿಸಿ. ಆಮೇಲೆ 5–6 ಪದಗಳ ವಾಕ್ಯಗಳು; ಪ್ರತಿ ಪೂರ್ಣವಿರಾಮಕ್ಕೂ ನಿಂತು ‘ಯಾರು? ಏನು ಮಾಡಿದರು?’ ಕೇಳಿ. ಅದೇ ಭಾಗ ಮೂರು ಸಲ. ತಪ್ಪಿದರೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ತಿದ್ದಿ. ಹೆಚ್ಚಿನವರು ಎಡವುವುದು ಇಲ್ಲೇ: ತಕ್ಷಣ ಹೇಳಿಕೊಟ್ಟರೆ ಮಗು ಪುಸ್ತಕ ಬಿಟ್ಟು ನಿಮ್ಮ ಮುಖ ಓದಲು ಕಲಿಯುತ್ತದೆ.

ಆ್ಯಪ್ ಬೇಡ. ಇಂಥ ಮೆಮೊರಿ ತರಬೇತಿಗಳನ್ನು ಒಟ್ಟಿಗೆ ಪರಿಶೀಲಿಸಿದ 2013ರ ವಿಶ್ಲೇಷಣೆಯಲ್ಲಿ ಆಟದಲ್ಲಿ ಅಂಕ ಏರಿತ್ತು, ಓದು ಅದರಿಂದ ಸುಧಾರಿಸಿದ್ದು ಕಾಣಲಿಲ್ಲ.

ಪ್ರಶ್ನೆ: ಎರಡನೇ ತರಗತಿಯ ಹುಡುಗಿ ‘ಹುಲಿ’ಯನ್ನು ‘ಪುಲಿ’ ಎಂದೇ ಓದುತ್ತಾಳೆ. ಮನೆಮಾತು ತೆಲುಗು.
– ಶಿಕ್ಷಕಿ, ಬಾಗೇಪಲ್ಲಿ

ಉತ್ತರ: ತೆಲುಗಿನಲ್ಲಿ ಹುಲಿ ಎಂದರೆ ‘ಪುಲಿ’. ಪಕ್ಕದ ಚಿತ್ರ ಮುಚ್ಚಿ ‘ಹುಣಸೆ’ ಓದಿಸಿ. ತೆಲುಗಿನಲ್ಲಿ ಅದು ‘ಚಿಂತ’, ಊಹಿಸಿ ಪಾರಾಗುವಂತಿಲ್ಲ. ಸರಿಯಾಗಿ ಓದಿದರೆ ‘ಹು’ ಗೊತ್ತಿದೆ. ಅರ್ಥ ಮೊದಲೇ ಹೊಳೆದು ಮನೆಯ ಮಾತು ನುಗ್ಗಿತು, ತಡೆಯಲಾಗಲಿಲ್ಲ ಅಷ್ಟೆ. (ಹಳಗನ್ನಡದಲ್ಲೂ ಅದು ಪುಲಿಯೇ, ಬೈಯಬೇಡಿ.) ಪುಲಿ–ಹುಲಿ, ಪಾಲು–ಹಾಲು ಜೋಡಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಮೊದಲ ಅಕ್ಷರಕ್ಕೆ ಬೆರಳಿಟ್ಟೇ ಬಾಯಿ ತೆರೆಯಲು ಹೇಳಿ. ‘ಹುಣಸೆ’ಯಲ್ಲೂ ತಪ್ಪಿದರೆ ‘ಹ’ದ ಕಾಗುಣಿತದಿಂದಲೇ ಶುರುಮಾಡಿ.

ಪ್ರಶ್ನೆ: ಓದಲು ತೊಡಕಿರುವ ಮಗುವನ್ನು ಯಾರಿಗೆ ತೋರಿಸಬೇಕು?
– ಒಬ್ಬ ತಂದೆ, ಮಾಲೂರು

ಉತ್ತರ: ಮೊದಲು ಕಣ್ಣು, ಕಿವಿ. ಅವು ಸರಿಯಿದ್ದು, ಮೂರು ತಿಂಗಳ ನಿತ್ಯ ಅಭ್ಯಾಸದಿಂದಲೂ ಓದು ಕದಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಗುವಿನ ನೋಟ್‌ಬುಕ್ ಜೊತೆಗಿರಲಿ.