ಕೇಳಿ ಮೇಡಂ: ನನ್ನ ಸೀಟು ಯಾರಿಗೆ ಹೋಯಿತು?

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಟಿನ ಗೋಳೇ. ಕೌನ್ಸೆಲಿಂಗ್ ಕಾಲ, ಇರಲೇಬೇಕಲ್ಲ. ಮೊಣಕಾಲು ನೋವು, ಮೊಮ್ಮಕ್ಕಳ ಮೊಬೈಲ್ ಹುಚ್ಚು, ಪಿಂಚಣಿ ಫೈಲು ಇವೆಲ್ಲ ಮುಂದಿನ ಸಂಚಿಕೆಗೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಬಳ್ಳಾರಿ ಕೌಲ್ ಬಜಾರ್‌ನಲ್ಲಿ. ಅಪ್ಪ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇಟ್ಟಿದ್ದಾರೆ. ನಾವು ಜಿಎಂ, ಅಂದರೆ ಜಾತಿ ಮೀಸಲಾತಿ ಇಲ್ಲದ ಜನರಲ್ ಮೆರಿಟ್. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಕೂತು ಜೆಇಇ ಬರೆದೆ, ಐಐಟಿ ಸಿಗಲಿಲ್ಲ. ನನಗಿಂತ ಹಿಂದಿನ ರ‍್ಯಾಂಕ್ ಬಂದ ರೂಮ್‌ಮೇಟ್‌ಗೆ ಸಿಕ್ಕಿತು. ಅವನು ಎಸ್‌ಟಿ. ನನಗೆ ಕೊನೆಗೆ ಸಿಇಟಿಯಲ್ಲಿ ಬೆಂಗಳೂರಿನ ಒಂದು ಒಳ್ಳೇ ಕಾಲೇಜು ಸಿಕ್ಕಿದೆ, ಅದೂ 371ಜೆ ಇದ್ದಿದ್ದಕ್ಕೆ. ಗೆಳೆಯರು 'ಮೆರಿಟ್ ಉಳಿಸಿ' ಅಂತ ಡಿಸಿ ಆಫೀಸ್ ಮುಂದೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಲ್ಲೋಣ ಅಂತಿದ್ದಾರೆ. 2006ರಲ್ಲಿ ದೆಹಲಿ ಏಮ್ಸ್ ವಿದ್ಯಾರ್ಥಿಗಳು ಮಾಡಿದ ಹಾಗೆ. ಹೋಗಲೋ ಬೇಡವೋ? ದಯವಿಟ್ಟು ಬೈಯಬೇಡಿ.

ಉತ್ತರ: ಬೈಯುವುದಿಲ್ಲ ತಮ್ಮಾ. ವರ್ಷಪೂರ್ತಿ ಕೂತು ಓದಿ ಸಿಗದಿದ್ದರೆ ಹೊಟ್ಟೆ ಉರಿಯುತ್ತದೆ. ಆದರೆ ನಿನ್ನ ಪತ್ರದಲ್ಲೇ ಇರುವ ಒಂದು ಮಾತನ್ನು ನೀನು ಸುಮ್ನೆ ದಾಟಿಕೊಂಡು ಹೋಗಿದ್ದೀಯ. 'ಅದೂ 371ಜೆ ಇದ್ದಿದ್ದಕ್ಕೆ.'

ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಟ್ ಆಫ್ ಪಟ್ಟಿ ತೆಗೆದು ನೋಡು. ಜಿಎಂ ಅಂತ ಒಂದು ಕಾಲಂ, ಜಿಎಂಎಚ್ ಅಂತ ಇನ್ನೊಂದು ಕಾಲಂ. ಆ ಕೊನೆಯ ಎಚ್ ಅಂದರೆ ಹೈದರಾಬಾದ್ ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ. ನಿನಗೆ ಸೀಟು ಬಂದಿದ್ದು ಆ ಕಾಲಂನಿಂದ. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮ ಮಕ್ಕಳಿಗೆ ಅಂತ ಆಯಿತು. ಈಗ ಹಾಸನದಲ್ಲೋ ತುಮಕೂರಿನಲ್ಲೋ ನಿನಗಿಂತ ಒಳ್ಳೇ ರ‍್ಯಾಂಕ್ ಬಂದ ಹುಡುಗನೊಬ್ಬ ಅದೇ ಕಾಲೇಜು ಸಿಗದೆ ಇನ್ನೊಬ್ಬ ಮೇಡಂಗೆ ಪತ್ರ ಬರೆಯುತ್ತಿರಬಹುದು. 'ಬಳ್ಳಾರಿಯವನು ನನ್ನ ಸೀಟು ತಗೊಂಡ' ಅಂತ. ಅವನಿಗೆ ಏನು ಹೇಳುತ್ತೀಯ? ನಮ್ಮ ಕಡೆ ಶಾಲೆ ಸರಿ ಇರಲಿಲ್ಲ, ಕಾಲೇಜು ತಡವಾಗಿ ಬಂದವು, ರಾಯಚೂರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದೇ 2007ರಲ್ಲಿ, ಕೊಪ್ಪಳಕ್ಕೆ 2015ರಲ್ಲಿ ಅಂತ ಹೇಳುತ್ತೀಯ. ಸರಿಯಾದ ಉತ್ತರವೇ. ನಿನ್ನ ರೂಮ್‌ಮೇಟ್ ಹೇಳುವುದೂ ಅದನ್ನೇ. ಊರಿನ ಜಾಗದಲ್ಲಿ ಜಾತಿ ಅಂತ ಹಾಕಿಕೊಂಡು ಓದು, ಅಷ್ಟೇ ವ್ಯತ್ಯಾಸ. ಅದರಲ್ಲೂ ಬಳ್ಳಾರಿ ಬಿಟ್ಟು ಬೆಂಗಳೂರಿಗೆ ಹೋದರೆ ನೀನು ಹಿಂದುಳಿದ ಊರಿನವನು ಅಂತ ಯಾರೂ ಮನೆ ಬಾಡಿಗೆಗೆ ಕೊಡದೆ ಕಳಿಸುವುದಿಲ್ಲ. ಅವನ ವಿಷಯದಲ್ಲಿ ಆ ಖಾತ್ರಿ ನನಗಿಲ್ಲ.

ನಮ್ಮೂರಲ್ಲಿ ಎಚ್‌ಕೆ ಸರ್ಟಿಫಿಕೇಟನ್ನು ಯಾರೂ ಕೋಟಾ ಅನ್ನುವುದಿಲ್ಲ ನೋಡು. ಅದು ನಮ್ಮ ಹಕ್ಕು. ಪಕ್ಕದವನದು ಮಾತ್ರ ಕೋಟಾ!

ಇನ್ನು ಲೆಕ್ಕ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಜಾಸ್ತಿ. ಎಲ್ಲ ಐಐಟಿಗಳೂ ಸೇರಿ ಸೀಟು ಸುಮಾರು 17,700. ನಾಳೆ ಬೆಳಿಗ್ಗೆ ಎಲ್ಲ ಮೀಸಲಾತಿ ತೆಗೆದು ಹಾಕಿದರೂ ಹೊರಗೆ ಉಳಿಯುವವರ ಸಂಖ್ಯೆಯಲ್ಲಿ ಒಂದು ತಲೆಯೂ ಕಡಿಮೆ ಆಗುವುದಿಲ್ಲ. ಯಾರು ಹೊರಗೆ ಅನ್ನುವುದಷ್ಟೇ ಬದಲಾಗುತ್ತದೆ.

2006ರ ಕಥೆ ಎತ್ತಿದ್ದೀಯ, ಪೂರ್ತಿ ತಿಳಿದುಕೋ. ಐಐಟಿ, ಐಐಎಂ, ಏಮ್ಸ್‌ಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27 ಕೊಡುತ್ತೇವೆ ಎಂದು ಆಗಿನ ಮಂತ್ರಿ ಅರ್ಜುನ್ ಸಿಂಗ್ ಹೇಳಿದಾಗ ದೆಹಲಿಯ ಮೆಡಿಕಲ್ ವಿದ್ಯಾರ್ಥಿಗಳು ಬೀದಿಗಿಳಿದರು. ಬಿಳಿ ಕೋಟು ಹಾಕಿಕೊಂಡು ರಸ್ತೆ ಗುಡಿಸಿದರು, ಬೂಟ್ ಪಾಲಿಶ್ ಮಾಡಿದರು. ಮೀಸಲಾತಿ ಬಂದರೆ ನಮಗೆ ಇದೇ ಗತಿ ಅಂತ ತೋರಿಸುವುದಕ್ಕೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಟಿವಿಯಲ್ಲಿ ನಾವೆಲ್ಲ ಅದನ್ನು ನೋಡಿದೆವು. ಅದೇ ರೂಮನ್ನು ದಿನಾ ಗುಡಿಸುತ್ತಿದ್ದ ಹೆಂಗಸಿನ ಮಗಳು ಆಗ ನಮ್ಮಲ್ಲೇ ಪಿಯುಸಿ ಸೈನ್ಸ್ ಓದುತ್ತಿದ್ದಳು. ಆ ಹುಡುಗರಿಗೆ ಇದು ಹೊಳೆದಿರಲಿಕ್ಕಿಲ್ಲ. ಇಪ್ಪತ್ತರ ವಯಸ್ಸಿನವರು, ಕ್ಷಮಿಸಬಹುದು. ನೀನು ಮಾತ್ರ ಅದನ್ನು ನಕಲು ಮಾಡಬೇಡ.

ಆಮೇಲೆ ಏನಾಯಿತು ಗೊತ್ತಾ? ನಮ್ಮ ವೀರಪ್ಪ ಮೊಯಿಲಿ ಅವರ ನೇತೃತ್ವದಲ್ಲಿ ಒಂದು ಸಮಿತಿ ಆಯಿತು. ಜನರಲ್ ಸೀಟಿನ ಸಂಖ್ಯೆ ಕಡಿಮೆ ಆಗಬಾರದು, ಅದಕ್ಕಾಗಿ ಒಟ್ಟು ಸೀಟನ್ನೇ ಶೇ 54ರಷ್ಟು ಹೆಚ್ಚಿಸಿ ಅಂತ ಅದು ಹೇಳಿತು. ಜನರಲ್ ಸೀಟು ಇಳಿಸಬಾರದು ಎಂಬುದು ಕಾಯ್ದೆಯಲ್ಲೂ ಸೇರಿತು. 2008ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು, ಆ ವರ್ಗಗಳಲ್ಲೇ ಅನುಕೂಲಸ್ಥರಾದ ಕೆನೆಪದರದವರನ್ನು ಹೊರಗಿಡಿ ಅಂದಿತು. ಅಂದರೆ ಆ ಗಲಾಟೆಯಿಂದ ಎಲ್ಲರಿಗೂ ಆದ ಲಾಭ ಒಂದೇ, ಸೀಟು ಹೆಚ್ಚಾಗಿದ್ದು. ಬಾಯಲ್ಲಿ ಕೂಗಿದ್ದು ಬೇರೆ, ಕೈಗೆ ಸಿಕ್ಕಿದ್ದು ಬೇರೆ.

ಜಗಳ ಇನ್ನೂ ಹಳೆಯದು, ನಮ್ಮೂರಿಗೂ ಸಂಬಂಧ ಇದೆ. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಮದರಾಸ್ ರಾಜ್ಯದಲ್ಲಿತ್ತು. ಅಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳನ್ನು ಪ್ರತಿ ಹದಿನಾಲ್ಕು ಸೀಟಿನ ಲೆಕ್ಕದಲ್ಲಿ ಜಾತಿವಾರು ಹಂಚುತ್ತಿದ್ದರು. ಚಂಪಕಂ ದೊರೈರಾಜನ್ ಎಂಬುವರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು, 1951ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಗೆದ್ದರು. ಗಮ್ಮತ್ತೆಂದರೆ ಆಕೆ ಮೆಡಿಕಲ್ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಅರ್ಜಿ ಹಾಕದ ಸೀಟೂ 'ನನ್ನದು' ಆಗಿತ್ತು. ಆ ತೀರ್ಪಾದ ವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು ಮೀಸಲಾತಿಗೆ ದಾರಿ ಆಯಿತು.

ಮೆರಿಟ್ ಅಂದೆಯಲ್ಲ, ಅದನ್ನು ನಾನು ಲ್ಯಾಬ್‌ನಲ್ಲಿ ನೋಡಿದ್ದೇನೆ. ಪರ್ಮ್ಯಾಂಗನೇಟ್ ಟೈಟ್ರೇಶನ್ ನಿನಗೂ ಗೊತ್ತು. ತಿಳಿ ಗುಲಾಬಿ ಬಂದು ನಿಂತ ಕೂಡಲೇ ಹನಿ ಬಿಡುವ ಗಾಜಿನ ಕೊಳವೆ ಬ್ಯುರೆಟ್‌ನ ನಲ್ಲಿಯನ್ನು ಬಂದ್ ಮಾಡಬೇಕು. ಸಿರುಗುಪ್ಪ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗ ಮೊದಲ ದಿನ ಎರಡೂ ಕೈಯಲ್ಲಿ ನಲ್ಲಿ ಹಿಡಿದು ತಿರುಗಿಸಿದ. ಫ್ಲಾಸ್ಕ್ ಪೂರ್ತಿ ನೇರಳೆ. ಪಕ್ಕದ ಟೇಬಲ್‌ನ ಹುಡುಗಿ ಒಂದೊಂದೇ ಹನಿ ಬಿಟ್ಟು ಮೊದಲ ಸಲಕ್ಕೇ ಸರಿಯಾದ ರೀಡಿಂಗ್ ಕೊಟ್ಟಳು. ಅವಳ ಹೈಸ್ಕೂಲಿನಲ್ಲಿ ಲ್ಯಾಬ್ ಇತ್ತು. ಇವನ ಶಾಲೆಯಲ್ಲಿ ಸೈನ್ಸ್ ಮೇಷ್ಟ್ರೇ ಇರಲಿಲ್ಲ. ಆ ದಿನದ ಅಂಕ ಇಬ್ಬರಲ್ಲಿ ಯಾರ ಬುದ್ಧಿಯನ್ನು ಅಳೆಯಿತು? ಸಿನಿಮಾ ಥರ ಅವನೇನೂ ಐಐಟಿಗೆ ಹೋಗಲಿಲ್ಲ. ಕೆಮಿಸ್ಟ್ರಿ ಸಪ್ಲಿಮೆಂಟರಿಯಲ್ಲಿ ಪಾಸಾದ, ಡಿಪ್ಲೊಮಾ ಮಾಡಿದ, ಈಗ ತೋರಣಗಲ್ಲಿನಲ್ಲಿ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿದ್ದಾನೆ. ಅವನ ರೀಡಿಂಗ್ ನಂಬಿಯೇ ಅಲ್ಲಿ ಕೆಲಸ ನಡೆಯುತ್ತದೆ.

ನಿನ್ನ ಗೆಳೆಯರ ಮಾತು ಎಲ್ಲವೂ ಸುಳ್ಳು ಅನ್ನುತ್ತಿಲ್ಲ. ಮೀಸಲಾತಿಯ ಒಳಗೂ ಕೆಲವು ಮನೆಗಳೇ ಮತ್ತೆ ಮತ್ತೆ ತಗೊಳ್ಳುತ್ತವೆ, ನಿಜ. ಆದರೆ ಅದನ್ನು ಗಟ್ಟಿಯಾಗಿ ಕೇಳಿದವರು ಯಾರು? ಒಳಮೀಸಲಾತಿಗಾಗಿ, ಅಂದರೆ ಎಸ್‌ಸಿ ಮೀಸಲಾತಿಯ ಒಳಗೇ ಪಾಲು ಹಂಚಿ ಅಂತ, ವರ್ಷಗಟ್ಟಲೆ ಬೀದಿಯಲ್ಲಿ ಕೂತ ಮಾದಿಗರು. ನಮ್ಮ ರಾಯಚೂರು ಕಡೆಯವರೂ ಅದರಲ್ಲಿದ್ದರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿತು. ಅವರು ಮನೆ ಸುಡಿ ಅನ್ನಲಿಲ್ಲ, ನಮ್ಮ ಪಾಲಿನ ಕೋಣೆ ಕೊಡಿ ಅಂದರು.

ಹಾಗಾಗಿ ನನ್ನ ಮಾತು: ಹೋಗಬೇಡ. ಕೂತು ಕೂಗಲೇಬೇಕು ಅನ್ನಿಸಿದರೆ ರಾಯಚೂರಿನ ದಾರಿ ಹಿಡಿ. ಐಐಟಿ ರಾಯಚೂರಿಗೆ ಕೊಡಿ ಅಂತ ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿ ಹೇಳಿತ್ತು, ಅದು ಧಾರವಾಡಕ್ಕೆ ಹೋಯಿತು. ಏಮ್ಸ್ ಆದರೂ ಕೊಡಿ ಅಂತ 2022ರ ಮೇನಲ್ಲಿ ಅಲ್ಲಿನ ಜನ ಧರಣಿ ಕೂತರು. ಸಾವಿರ ದಿನ ದಾಟಿತು. ದೆಹಲಿ ಏಮ್ಸ್ ಒಳಗಿದ್ದವರು ಬೇರೆಯವರು ಬರಬಾರದು ಅಂತ ಕೂತಿದ್ದರು, ಇವರು ಏಮ್ಸ್ ಬೇಕು ಅಂತ ಕೂತರು. ನಿನಗೆ ಯಾವ ಪೆಂಡಾಲ್ ಹತ್ತಿರ, ನೀನೇ ನೋಡಿಕೋ.

ಇನ್ನೊಂದು. ಅಪ್ಪನ ಯೂನಿಟ್ ಸಣ್ಣದು ಅಂದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ, ಹೊಲ-ಮನೆಯ ಮಿತಿಯೂ ಸರಿಹೊಂದಿದರೆ, ಐಐಟಿಗಳಲ್ಲಿ ಶೇ 10 ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಸೀಟು ನಿನ್ನಂಥವರಿಗೇ ಇದೆ. ಅರ್ಜಿಯಲ್ಲಿ ಆ ಕಾಲಂ ತುಂಬಿದ್ದೆಯಾ? ನಿನ್ನ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಪ್ರಶ್ನೆ: ಗಂಗಾವತಿಯಿಂದ ಬರೆಯುತ್ತಿದ್ದೇನೆ. ಮೀಸಲಾತಿಯಲ್ಲಿ ಡಾಕ್ಟರ್ ಆದವರ ಹತ್ತಿರ ಆಪರೇಷನ್ ಮಾಡಿಸಿಕೊಳ್ಳಲು ಭಯ ಆಗುವುದಿಲ್ಲವೇ? ಮಗಳಿಗೆ ನೀಟ್‌ನಲ್ಲಿ ಅಂಕ ಸ್ವಲ್ಪ ಕಡಿಮೆ ಬಂದಿದೆ, ಮ್ಯಾನೇಜ್‌ಮೆಂಟ್ ಸೀಟು ನೋಡುತ್ತಿದ್ದೇವೆ. ಯಾವ ಕಾಲೇಜು ಒಳ್ಳೆಯದು?

ಉತ್ತರ: ನಿಮ್ಮ ಎರಡು ಪ್ರಶ್ನೆಗಳನ್ನು ಒಂದರ ಪಕ್ಕ ಒಂದಿಟ್ಟು ಮತ್ತೊಮ್ಮೆ ಓದಿ ಸರ್.

ಕಾಲೇಜಿನ ಬಾಗಿಲಲ್ಲಿ ಮಾತ್ರ ಕಟ್ ಆಫ್ ಬೇರೆ ಬೇರೆ. ಒಳಗೆ ಹೋದ ಮೇಲೆ ಆ ಕಾಲೇಜಿನ ಎಲ್ಲರೂ ಬರೆಯುವುದು ವಿಶ್ವವಿದ್ಯಾಲಯದ ಒಂದೇ ಪರೀಕ್ಷೆ, ಪಾಸಿಗೆ ಬೇಕಾದ ಅಂಕವೂ ಒಂದೇ. ಅನಾಟಮಿ ಪೇಪರಿನಲ್ಲಿ ಜಾತಿಯ ಕಾಲಂ ಇರುವುದಿಲ್ಲ, ಫೀಸಿನ ಕಾಲಂ ಕೂಡ ಇರುವುದಿಲ್ಲ. ನಿಮ್ಮ ಮಗಳೂ ಅದನ್ನು ಪಾಸು ಮಾಡಿಯೇ ಡಾಕ್ಟರ್ ಆಗುತ್ತಾಳೆ, ಆಗಲಿ. ರೈಲ್ವೆಯಲ್ಲಿ ಮೀಸಲಾತಿಯಿಂದ ಕೆಲಸ ಕೆಡುತ್ತದೆಯೇ ಎಂದು ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ ಎಂಬ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆಯ ಅಂಕಿಅಂಶ ಇಟ್ಟು ನೋಡಿದ್ದಾರೆ. ಕೆಟ್ಟಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಅಲ್ಲಿನ ಆಸ್ಪತ್ರೆಗೆ ಒಂದು ದಿನ ಹೋಗಿ ಹೊರರೋಗಿಗಳ ಸಾಲು ಎಷ್ಟಿದೆ ನೋಡಿ. ರೋಗಿಗಳೇ ಇಲ್ಲದ ಕಡೆ ಮಗು ಏನು ಕಲಿಯುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಲಿಂಗಸುಗೂರು. ನಾನೀಗ ಹೊರರಾಜ್ಯದ ಒಂದು ದೊಡ್ಡ ಸಂಸ್ಥೆಯಲ್ಲಿ ಓದುತ್ತಿದ್ದೇನೆ. ಹಾಸ್ಟೆಲ್‌ಗೆ ಬಂದ ದಿನದಿಂದ ಎಲ್ಲರೂ ಮೊದಲು ಕೇಳುವುದು 'ರ‍್ಯಾಂಕ್ ಎಷ್ಟು?' ಅಂತ. ಹೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಸುಳ್ಳು ಹೇಳಲೇ?

ಉತ್ತರ: ಬೇಡ ತಂಗಿ. ಸುಳ್ಳು ಹೇಳಿದರೆ ಅದನ್ನು ನಾಲ್ಕು ವರ್ಷ ಕಾಯಬೇಕು, ಅದೇ ಒಂದು ಸಬ್ಜೆಕ್ಟ್ ಆಗಿಬಿಡುತ್ತದೆ. 'ಅಡ್ಮಿಷನ್ ಮುಗೀತಲ್ಲ, ಈಗ ಅದು ಯಾಕೆ?' ಅಂತ ನಕ್ಕು ಮುಂದೆ ಹೋಗು. ರ‍್ಯಾಂಕ್ ಕೇಳುವುದು ಬಹಳ ಸಲ ಜಾತಿ ಕೇಳುವ ಬಳಸುದಾರಿ. ನಿನಗೂ ಅದು ಗೊತ್ತಿರುವುದಕ್ಕೇ ಬರೆದಿದ್ದೀಯ.

ನಗುವಲ್ಲಿಗೆ ಮುಗಿಯದಿದ್ದರೆ, ಬೇರೆ ಕೂರಿಸುವುದು, ಗ್ರೂಪಿನಿಂದ ಬಿಡುವುದು, ವೈವಾದಲ್ಲಿ ಹೀಯಾಳಿಸುವುದು ಇದ್ದರೆ, ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಯಾರು ಇದ್ದರು, ಏನು ಮಾತು ಅಂತ. ಎಸ್‌ಸಿ-ಎಸ್‌ಟಿ ಸೆಲ್‌ಗೆ ಬಾಯಲ್ಲಿ ಹೇಳಬೇಡ, ಇಮೇಲ್ ಮಾಡು, ಪ್ರತಿ ಇಟ್ಟುಕೋ. ದೆಹಲಿ ಏಮ್ಸ್‌ನಲ್ಲಿ ಇಂಥದ್ದೇ ದೂರುಗಳು ಬಂದು 2006ರಲ್ಲಿ ಸುಖದೇವ್ ಥೋರಟ್ ಸಮಿತಿ ಮಾಡಿದರು. ಹಾಸ್ಟೆಲ್‌ನಲ್ಲಿ ದಲಿತ ಹುಡುಗರು ಬೇರೆಯವರ ಕಾಟಕ್ಕೆ ರೂಮು ಬಿಟ್ಟು ಒಂದೇ ಕಡೆ ಸೇರಿದ್ದನ್ನು ಅದು ಬರೆದಿದೆ. ಮಕ್ಕಳು ಬಾಯಿ ಬಿಟ್ಟು ಹೇಳಿದ್ದರಿಂದಲೇ ಅದು ದಾಖಲಾಯಿತು. ವಾರಕ್ಕೊಂದು ಸಲ ಮನೆಗೆ ಫೋನ್ ಮಾಡಿದಾಗ 'ಚೆನ್ನಾಗಿದ್ದೀನಿ' ಅಂತ ಮುಗಿಸಬೇಡ. ಅವ್ವನಿಗೆ ಇಂಗ್ಲಿಷ್ ಬರದಿದ್ದರೂ ಇದು ಅರ್ಥ ಆಗುತ್ತದೆ.

ಪ್ರಶ್ನೆ: ಕುಷ್ಟಗಿಯಿಂದ ಒಬ್ಬ ತಾಯಿ. ಮಗನ ಹತ್ತಿರ 2ಎ ಸರ್ಟಿಫಿಕೇಟ್ ಇದೆ. ಐಐಟಿಗೆ ಅದೇ ಸಾಕಲ್ವಾ?

ಉತ್ತರ: ಸಾಲದಮ್ಮ. 2ಎ ಅನ್ನುವುದು ಹಿಂದುಳಿದ ವರ್ಗಗಳ ರಾಜ್ಯದ ಪಟ್ಟಿ. ಐಐಟಿಗೆ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು. ಎರಡೂ ಪಟ್ಟಿ ಒಂದೇ ಅಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರ ನಮೂನೆಯ ಒಬಿಸಿ ಕೆನೆಪದರರಹಿತ ಪ್ರಮಾಣ ಪತ್ರಕ್ಕೆ ಅರ್ಜಿ ಕೊಡಿ. ಅದರ ಮೇಲೆ ಪ್ರವೇಶದ ವರ್ಷದ ಏಪ್ರಿಲ್ 1 ಅಥವಾ ಆಮೇಲಿನ ತಾರೀಖು ಇರಬೇಕು, ಹೋದ ವರ್ಷದ್ದು ನಡೆಯುವುದಿಲ್ಲ. ಮತ್ತೆ, ಕೇಂದ್ರದ ನಿಯಮದಲ್ಲಿ ಒಬಿಸಿ ಕೆನೆಪದರದ 8 ಲಕ್ಷ ಆದಾಯ ಮಿತಿಯ ಲೆಕ್ಕಕ್ಕೆ ಸಂಬಳವನ್ನೂ ಹೊಲದ ಆದಾಯವನ್ನೂ ಸೇರಿಸುವುದಿಲ್ಲ. ಕೌಂಟರ್‌ನಲ್ಲಿ ಎಲ್ಲ ಕೂಡಿಸಿ 'ಆಗಲ್ಲ' ಅಂದರೆ ಎದ್ದು ಬರಬೇಡಿ, ತಹಶೀಲ್ದಾರರನ್ನೇ ಕಾಣಿ. ಮಗನ ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಂಡು ಬನ್ನಿ.