ಬೆಂಕಿ ಕಾವಲಿನ ತಂಡಕ್ಕೆ ಮೊದಲ ಸಲ ಮುಂದಾಳಾಗಿದ್ದೇನೆ, ಏನೇನು ನೋಡಿಕೊಳ್ಳಬೇಕು?

ಹೊಸನಗರದ ಕಡೆ ಗಸ್ತು ಅರಣ್ಯ ಪಾಲಕರಾಗಿ ಸೇರಿದ್ದೀರಿ, ಇದು ಮೊದಲ ಬೇಸಿಗೆ. ಎಂಟು ಜನ ಬೆಂಕಿ ಕಾವಲುಗಾರರನ್ನು ಕೊಟ್ಟಿದ್ದಾರೆ, ಅದರಲ್ಲಿ ಅರ್ಧ ಜನ ನಿಮ್ಮ ಅಪ್ಪನ ವಯಸ್ಸಿನವರು. "ಯಾರಿಗಾದರೂ ಏನಾದರೂ ಆದರೆ ಜವಾಬ್ದಾರಿ ನನ್ನದೇ ಅಲ್ವಾ? ಏನು ಕಲಿತಿರಬೇಕು? ಗಾಳಿ ಊದುವ ಬ್ಲೋವರ್ ಯಂತ್ರ ಕೇಳಲೇ, ಬೇಡವೇ?" ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಬೆಂಕಿ ಹಿಂದೆ ಓಡಾಡಿದ್ದೇನೆ. ಹೌದು, ಜವಾಬ್ದಾರಿ ನಿಮ್ಮದೇ.

ಎಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ. ಬೆಂಕಿಯ ಹತ್ತಿರ ಹೋದಾಗ ಸೊಪ್ಪಿನ ಕೊಂಬೆ ನಿಮ್ಮ ಕೈಯಲ್ಲಿ ಇರಬಾರದು. ಹೊಸಬರಿಗೆ ಇದು ಕಷ್ಟ. ವಯಸ್ಸಾದವರು ಬೆವರು ಸುರಿಸುತ್ತಿರುವಾಗ ತಾನು ಸುಮ್ನೆ ನಿಂತರೆ ಏನಂದುಕೊಂಡಾರೋ ಅಂತ ಅನ್ನಿಸುತ್ತದೆ. ಕೊಂಬೆ ಮುರಿದುಕೊಂಡು ತಾವೂ ನುಗ್ಗುತ್ತಾರೆ. ಆದರೆ ತಲೆ ತಗ್ಗಿಸಿ ಬೆಂಕಿ ಬಡಿಯುವವನಿಗೆ ಕಾಣುವುದು ಕಾಲಬುಡದ ಎರಡು ಮಾರು ಜಾಗ ಮಾತ್ರ. ಗಾಳಿ ಎತ್ತ ತಿರುಗಿತು, ಕೆಳಗಿನ ಹಳ್ಳದಲ್ಲಿ ಹೊಗೆ ಎದ್ದಿದೆಯಾ, ಕೊನೆಯವನು ಎಲ್ಲಿದ್ದಾನೆ ಎನ್ನುವುದು ಅವನಿಗೆ ಗೊತ್ತಾಗುವುದಿಲ್ಲ. ಅದನ್ನು ನೋಡುವುದಕ್ಕೇ ನೀವು ಇರುವುದು. ಎಂಟು ಜನರಲ್ಲಿ ಏಳು ಜನ ಬಡಿಯಲಿ, ಒಬ್ಬ ಎತ್ತರದ ಜಾಗದಲ್ಲಿ ನಿಂತು ನೋಡುತ್ತಿರಲಿ, ನೀವು ಇಬ್ಬರಿಗೂ ನಡುವೆ ಇರಿ.

ಅಮೆರಿಕದಲ್ಲಿ ಕಾಡುಬೆಂಕಿ ತಂಡದ ಮುಖ್ಯಸ್ಥರಾಗಿದ್ದ ಪಾಲ್ ಗ್ಲೀಸನ್ 1991ರಲ್ಲಿ ಇದನ್ನೇ ನಾಲ್ಕು ಅಂಶಗಳಲ್ಲಿ ಹೇಳಿದರು: ನೋಡುವವನೊಬ್ಬ, ಸುದ್ದಿ ಮುಟ್ಟಿಸುವ ದಾರಿ, ತಪ್ಪಿಸಿಕೊಳ್ಳುವ ಹಾದಿ, ಹೋಗಿ ನಿಲ್ಲಲು ಬೆಂಕಿ ಬಾರದ ಜಾಗ. ಈ ನಾಲ್ಕೂ ಇಲ್ಲದೆ ಕೆಲಸ ಶುರು ಮಾಡಬೇಡಿ ಎನ್ನುವುದು ಅವರ ಮಾತು. ಅಲ್ಲಿಯವರ ಹತ್ತಿರ ಹೆಲಿಕಾಪ್ಟರ್ ಇದೆ, ನಮ್ಮ ಹತ್ತಿರ ಕತ್ತಿ ಮತ್ತು ಸೊಪ್ಪು. ಆದರೆ ಈ ನಾಲ್ಕಕ್ಕೆ ಕಾಸು ಬೇಕಾಗಿಲ್ಲ.

ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ ಹೀಗೆ. ಗುಡ್ಡದ ಅರ್ಧ ಜಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಅದನ್ನು ನಂಬಬೇಡಿ. ವಾಕಿಟಾಕಿ ಇದ್ದರೆ ಒಂದು ನಿಮ್ಮ ಹತ್ತಿರ, ಇನ್ನೊಂದು ಮೇಲೆ ನಿಂತವನ ಹತ್ತಿರ. ಇಲ್ಲದಿದ್ದರೆ ಎಲ್ಲರ ಕೊರಳಿಗೂ ಒಂದು ಸೀಟಿ. ಉದ್ದ ಸೀಟಿ ಒಂದು ಸಲ ಬಂದರೆ ತಲೆ ಎತ್ತಿ ನೋಡಬೇಕು, ಬಿಡದೆ ಊದಿದರೆ ಇದ್ದದ್ದನ್ನು ಅಲ್ಲೇ ಬಿಟ್ಟು ಹೊರಡಬೇಕು. ಕೂಗಿದರೆ ಕೇಳುವುದಿಲ್ಲ. ಒಣಹುಲ್ಲಿಗೆ ಬಿದ್ದ ಬೆಂಕಿ ಎಷ್ಟು ಸದ್ದು ಮಾಡುತ್ತದೆ ಅಂತ ಹತ್ತಿರ ನಿಂತವರಿಗೇ ಗೊತ್ತು.

ಬೆಂಕಿ ಬಾರದ ಜಾಗಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ, ನೋಡುವ ಕಣ್ಣು ಬೇಕು. ಆಗಲೇ ಸುಟ್ಟು ಆರಿದ ಜಾಗ ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ದೊಡ್ಡ ಹಾಸುಬಂಡೆ, ನೀರು ಹಾಯಿಸಿದ ಅಡಿಕೆ ತೋಟ, ಕೊಯ್ಲಾಗಿ ದನ ಮೇಯ್ದ ಗದ್ದೆ, ಅಗಲವಾದ ರಸ್ತೆ. ಜ್ವಾಲೆ ಎಷ್ಟು ಎತ್ತರ ಇದೆಯೋ ಅದರ ನಾಲ್ಕು ಪಟ್ಟಾದರೂ ದೂರದಲ್ಲಿ ನಿಲ್ಲಲು ಆಗಬೇಕು. ಇದು ಸಮ ನೆಲದ ಲೆಕ್ಕ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ ಬೇಕು. ಸಣ್ಣ ಹಳ್ಳದೊಳಗೆ ಇಳಿದು ಅಡಗುವುದು ಮಾತ್ರ ಬೇಡ. ಕಡಿದಾದ ಹಳ್ಳದ ಕೊರಕಲು ಒಲೆಯ ಹೊಗೆಗೂಡಿನಂತೆ, ಬೆಂಕಿಯನ್ನೂ ಹೊಗೆಯನ್ನೂ ಮೇಲಕ್ಕೆ ಎಳೆಯುತ್ತದೆ. ತಪ್ಪಿಸಿಕೊಳ್ಳುವ ಹಾದಿಯನ್ನು ಕೈ ತೋರಿಸಿ ಹೇಳಿದರೆ ಸಾಲದು. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಜೊತೆಗೆ ಕರೆದುಕೊಂಡು ಒಮ್ಮೆ ನಡೆದು ನೋಡಿ. ಅವರಿಗೆ ಎಷ್ಟು ಹೊತ್ತು ಬೇಕೋ ಅದೇ ನಿಮ್ಮೆಲ್ಲರ ಹೊತ್ತು. ಹಾದಿ ಗುಡ್ಡ ಹತ್ತಿ ಹೋಗುವಂತಿದ್ದರೆ ಅದು ಹಾದಿಯೇ ಅಲ್ಲ ಅಂತ ಇಟ್ಟುಕೊಳ್ಳಿ.

ಯಾಕೆ ಅಂದರೆ ಬೆಂಕಿ ಗುಡ್ಡ ಹತ್ತುವಾಗ ನಮ್ಮ ಹಾಗೆ ಏದುಸಿರು ಬಿಡುವುದಿಲ್ಲ. ಇಳಿಜಾರು ಹತ್ತು ಡಿಗ್ರಿ ಜಾಸ್ತಿಯಾದರೆ ಅದರ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇಪ್ಪತ್ತು ಡಿಗ್ರಿಗೆ ನಾಲ್ಕು ಪಟ್ಟು. ಕೊಡಚಾದ್ರಿ ಸುತ್ತಿನ ಹುಲ್ಲುಗುಡ್ಡಗಳನ್ನು ನೋಡಿದ್ದೀರಲ್ಲ, ಅಲ್ಲಿ ಇಪ್ಪತ್ತು ಡಿಗ್ರಿ ಏನೂ ದೊಡ್ಡದಲ್ಲ. ಅದಕ್ಕೇ ಬೆಂಕಿ ಕೆಳಗಿದ್ದು ನೀವು ಮೇಲಿರುವ ಹಾಗೆ ಯಾವತ್ತೂ ನಿಲ್ಲಬೇಡಿ. ಬೆಂಕಿಯ ತಲೆ, ಅಂದರೆ ಅದು ಮುನ್ನುಗ್ಗುವ ಕಡೆ, ಅದರ ಎದುರು ಹೋಗದೆ ಬಾಲದಿಂದ, ಅಂದರೆ ಸುಟ್ಟ ಕಡೆಯಿಂದ ಶುರು ಮಾಡಿ ಪಕ್ಕಕ್ಕೆ ಬಡಿಯುತ್ತಾ ಹೋಗಿ. ಜ್ವಾಲೆ ನಾಲ್ಕು ಅಡಿಗಿಂತ ಎತ್ತರ ಇದ್ದರೆ ಸೊಪ್ಪಿನ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಸರಿದು ಫೈರ್ ಲೈನ್ (ಬೆಂಕಿ ದಾಟದಂತೆ ಮೊದಲೇ ಸವರಿಟ್ಟ ಪಟ್ಟಿ) ಅಥವಾ ರಸ್ತೆಯ ಹತ್ತಿರ ಕಾಯಬೇಕು. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಗೆ ಏನೂ ಸಿಗದಂತೆ ಅದರ ಮುಂದಿನ ಹುಲ್ಲನ್ನು ನಾವೇ ಸುಡುವ ಯೋಚನೆ ನಿಮಗೆ ಮೊದಲ ವರ್ಷ ಬರಲೇಬಾರದು. ಅದು ವಲಯ ಅರಣ್ಯಾಧಿಕಾರಿ ಎದುರಿಗಿದ್ದಾಗ, ಪಳಗಿದವರು ಮಾಡುವ ಕೆಲಸ.

ಗಾಳಿಯದು ಇನ್ನೊಂದು ಲೆಕ್ಕ. ಘಟ್ಟದ ಅಂಚಿನಲ್ಲಿ ಬೆಳಗ್ಗೆ ಮೂಡಣದಿಂದ ಬೀಸುತ್ತಿದ್ದ ಗಾಳಿ ಮಧ್ಯಾಹ್ನದ ಹೊತ್ತಿಗೆ ಪಡುವಣಕ್ಕೆ ತಿರುಗುವುದುಂಟು. ನೀವು ಹತ್ತು ಗಂಟೆಗೆ ಹಾಕಿಕೊಂಡ ಯೋಜನೆ ಒಂದು ಗಂಟೆಗೆ ತಲೆಕೆಳಗಾಗುತ್ತದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಹುಲ್ಲುಗುಡ್ಡವೊಂದರಲ್ಲಿ ಬೆಂಕಿ ಹೆಚ್ಚುಕಡಿಮೆ ಹತೋಟಿಗೆ ಬಂದಿತ್ತು. ಇನ್ನು ಅರ್ಧ ಗಂಟೆ ಬಡಿದಿದ್ದರೆ ಮುಗಿಯುತ್ತಿತ್ತು. ತಂಡದಲ್ಲಿ ಒಬ್ಬರು ಹಿರಿಯ ಕಾವಲುಗಾರರಿದ್ದರು, ಮಾತು ಕಡಿಮೆ. ಅವರು ಬಡಿಯುವುದನ್ನು ನಿಲ್ಲಿಸಿ, ಬಗ್ಗಿ ಒಂದು ಚಿಟಿಕೆ ಬೂದಿ ತೆಗೆದುಕೊಂಡು ಎದೆಯ ಎತ್ತರದಿಂದ ಬಿಟ್ಟರು. ಬೂದಿ ನೇರ ಬಿತ್ತು. ಸ್ವಲ್ಪ ಬಿಟ್ಟು ಇನ್ನೊಂದು ಚಿಟಿಕೆ. ಅದು ಅವರ ಅಂಗಿಯ ಮೇಲೇ ಬಂದು ಕೂತಿತು. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು ಅಷ್ಟೇ. "ಏನು ಅಣ್ಣಾ?" ಅಂದೆ. "ಏನಿಲ್ಲ ಸಾರ್, ನೀವು ಹೇಳಿದ್ರೆ ಮುಗಿಸಿಯೇ ಹೋಗಾಣ" ಅಂದರು. "ನಾನು ಹೇಳದೇ ಇದ್ರೆ?" "ನಾನಾದ್ರೆ ಈಗ್ಲೇ ಇಳಿತಿದ್ದೆ." ಎಲ್ಲರನ್ನೂ ಸುಟ್ಟ ಜಾಗಕ್ಕೆ ಇಳಿಸಿದೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಗಾಳಿ ತಿರುಗಿ, ನಾವು ನಿಂತಿದ್ದ ಮಗ್ಗುಲು ಪೂರ್ತಿ ಹೊತ್ತಿಕೊಂಡು ನೆತ್ತಿ ದಾಟಿತು. ಇನ್ನೇನು ಆರಿದ್ದ ಬೆಂಕಿಯನ್ನು ಬಿಟ್ಟು ಬಂದೆ ಅಂತ ಮೇಲಿನವರಿಂದ ಬೈಸಿಕೊಂಡೆ. ಬೈಸಿಕೊಂಡದ್ದಕ್ಕೆ ನನಗೆ ಬೇಜಾರಿಲ್ಲ. ಹುಲ್ಲು ಜೂನ್ ಮಳೆಗೆ ಚಿಗುರುತ್ತದೆ ಮಾರಾಯ್ರೆ.

ನಿಮಗೆ ನಾನು ತೋರಿಸಬೇಕೆಂದಿರುವುದು ಬೂದಿಯನ್ನಲ್ಲ, ಆ "ಏನಿಲ್ಲ ಸಾರ್" ಅನ್ನುವುದನ್ನು. ನಿಮ್ಮ ಎಂಟು ಜನಕ್ಕೆ ಆ ಗುಡ್ಡ ನಿಮಗಿಂತ ಚೆನ್ನಾಗಿ ಗೊತ್ತು. ಯಾವ ಹಕ್ಕಲಿನಲ್ಲಿ ಹುಲ್ಲು ಎದೆಮಟ್ಟ ಇದೆ, ಯಾವ ಅಕೇಶಿಯಾ ನೆಡುತೋಪಿನಲ್ಲಿ ದರಕು (ಉದುರಿದ ಒಣ ಎಲೆ) ಮೊಣಕಾಲಿನ ತನಕ ಬಿದ್ದಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲ ಗೊತ್ತು. ಆದರೆ ಅವರದು ಬೇಸಿಗೆಯ ನಾಲ್ಕು ತಿಂಗಳ ದಿನಗೂಲಿ. ಬೇಡ ಅಂದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಅಳುಕು ಇದ್ದೇ ಇರುತ್ತದೆ. ಅದರ ಮೇಲೆ ಖಾಕಿ ಹಾಕಿದವರಿಗೆ ಎದುರು ಮಾತಾಡಬಾರದು ಅನ್ನುವ ಹಳೇ ಅಭ್ಯಾಸ. ಹಾಗಾಗಿ ಅಪಾಯ ಕಂಡರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡಿಸುವುದು ನಿಮ್ಮ ಕೆಲಸ. "ಎಲ್ಲ ಸರಿ ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಈ ಜಾಗದಲ್ಲಿ ನಿಮಗೆ ಭಯ ಯಾವುದು?" ಅಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ, ಕಿರಿಯನಿಂದ ಶುರು ಮಾಡಿ. ಯಾರೇ ಒಬ್ಬ ಬೇಡ ಅಂದರೂ ಎಲ್ಲರೂ ಹೊರಗೆ ಬರುತ್ತೇವೆ, ಆಮೇಲೆ ಮಾತಾಡುತ್ತೇವೆ ಅಂತ ಕೆಲಸಕ್ಕೆ ಮೊದಲೇ ಹೇಳಿಬಿಡಿ. ಒಂದು ಸಲ ಯಾರಾದರೂ ಸುಳ್ಳು ಭಯಕ್ಕೆ ಸೀಟಿ ಊದಿದರೂ ನಗಬೇಡಿ. ನಕ್ಕರೆ ಮುಂದೆ ನಿಜವಾದ ಭಯಕ್ಕೂ ಯಾರೂ ಊದುವುದಿಲ್ಲ.

ಮುಂದಾಳುವಿನ ಮೇಲೆ ತಂಡಕ್ಕೆ ಎಷ್ಟು ನಂಬಿಕೆ ಇರಬೇಕು ಅನ್ನುವುದಕ್ಕೆ ಮಾನ್ ಗಲ್ಚ್ ಬೆಂಕಿಯ ಕಥೆ ಓದಬೇಕು. 1949ರ ಆಗಸ್ಟ್ 5, ಅಮೆರಿಕದ ಮೊಂಟಾನಾ. ಒಣಹುಲ್ಲಿನ ಕಡಿದಾದ ಗುಡ್ಡ, ಕೆಳಗಿನಿಂದ ಬೆಂಕಿ ಅಟ್ಟಿಸಿಕೊಂಡು ಬರುತ್ತಿದೆ, ತಂಡ ಮೇಲಕ್ಕೆ ಓಡುತ್ತಿದೆ. ಮುಂದಾಳು ವ್ಯಾಗ್ನರ್ ಡಾಡ್ಜ್ ಇದ್ದಕ್ಕಿದ್ದಂತೆ ನಿಂತು ಕಡ್ಡಿ ಗೀರಿ ಮುಂದಿನ ಹುಲ್ಲಿಗೇ ಬೆಂಕಿ ಹಚ್ಚಿದರು. ಅದು ಸುಟ್ಟು ಮುಂದೆ ಹೋದ ಜಾಗದ ಬೂದಿಯಲ್ಲಿ ಬೋರಲು ಮಲಗಿ ಎಲ್ಲರನ್ನೂ ಕರೆದರು. ಯಾರೂ ಬರಲಿಲ್ಲ. ಡಾಡ್ಜ್ ಬದುಕಿದರು, ನೆತ್ತಿ ದಾಟಿದ ಇಬ್ಬರು ಬದುಕಿದರು, 13 ಜನ ಸತ್ತರು. ಅವರು ಹುಚ್ಚರೇನೂ ಅಲ್ಲ. ಆ ಉಪಾಯವನ್ನು ಮೊದಲು ಯಾರೂ ಅವರಿಗೆ ಹೇಳಿರಲಿಲ್ಲ, ಡಾಡ್ಜ್ ಜೊತೆ ಅವರು ಹೆಚ್ಚು ಕೆಲಸ ಮಾಡಿದವರೂ ಅಲ್ಲ. ಉರಿಯುವ ಗುಡ್ಡದಲ್ಲಿ ನಿಂತು ಹೊಸ ವಿಷಯ ಕಲಿಸಲು ಆಗುವುದಿಲ್ಲ. ನಿಮ್ಮ ಎಂಟು ಜನರ ಜೊತೆ ಡಿಸೆಂಬರ್, ಜನವರಿಯಲ್ಲಿ ಫೈರ್ ಲೈನ್ ಸವರುವಾಗಲೇ ಕೂತು ಊಟ ಮಾಡಿ, ಸೀಟಿಯ ಅರ್ಥ, ಹಾದಿ, ನಿಲ್ಲುವ ಜಾಗ ಎಲ್ಲ ಆಗಲೇ ಮಾತಾಡಿ.

ಇನ್ನೊಂದು ಅಲ್ಲಿಯದೇ ಪಾಠ. 1994ರಲ್ಲಿ ಕೊಲೊರಾಡೊದ ಸೌತ್ ಕ್ಯಾನ್ಯನ್‌ನಲ್ಲಿ 14 ಜನ ಸತ್ತರು. ಓಡುವಾಗಲೂ ಕೆಲವರು ಬೆನ್ನಿನ ಚೀಲ, ಕೈಯ ಸಾಮಾನು ಬಿಟ್ಟಿರಲಿಲ್ಲ. ನಮ್ಮವರೂ ಹಾಗೇ. ಕತ್ತಿ ಸ್ವಂತದ್ದು, ಬ್ಲೋವರ್ ಸರ್ಕಾರದ್ದು, ಕಳೆದರೆ ಯಾರು ಕಟ್ಟಿಕೊಡುತ್ತಾರೆ ಅಂತ ಹೊತ್ತುಕೊಂಡೇ ಓಡುತ್ತಾರೆ. "ಬಿಟ್ಟು ಬನ್ನಿ, ಲೆಕ್ಕ ನಾನು ಕೊಡುತ್ತೇನೆ" ಅಂತ ಮೊದಲೇ ಬಾಯಿ ಬಿಟ್ಟು ಹೇಳಿ.

ಇದೆಲ್ಲ ಅಮೆರಿಕದ ಕಥೆ ಅಂತ ಅಂದುಕೊಳ್ಳಬೇಡಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಜೀವ ಕಳೆದುಕೊಂಡರು. ಎರಡೂ ಫೆಬ್ರವರಿ. ಬಿಸಿಲು ಏರುವುದು ಏಪ್ರಿಲ್‌ನಲ್ಲಿ, ಆಗ ನೋಡಿಕೊಂಡರಾಯಿತು ಅನ್ನುವವರಿಗೆ ಇದನ್ನು ಹೇಳಿ. ಶಿವರಾತ್ರಿ ಹೊತ್ತಿಗೆ ಹುಲ್ಲು ಒಣಗಿರುತ್ತದೆ, ಎಲೆ ಉದುರಿರುತ್ತದೆ, ಬೆಂಕಿಗೆ ಇನ್ನೇನು ಬೇಕು?

ಬಟ್ಟೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾಲಿಸ್ಟರ್ ಅಂಗಿ, ನೈಲಾನ್ ಟೀ ಶರ್ಟ್ ಕಾವಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪೂರ್ತಿ ತೋಳಿನ ದಪ್ಪ ಹತ್ತಿ ಅಂಗಿ, ಹತ್ತಿ ಪ್ಯಾಂಟು, ಮೂಗಿಗೆ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಶೂ. ಹವಾಯಿ ಚಪ್ಪಲಿಯಲ್ಲಿ ಬಂದವರನ್ನು ಬೆಂಕಿ ಹತ್ತಿರ ಬಿಡಬೇಡಿ, ನೀರು ಹೊರುವ ಕೆಲಸ ಕೊಡಿ. ಶೂ ಕೊಡಿಸಲು ಅರ್ಜಿ ಹಾಕಿ, ಬರದಿದ್ದರೆ ಮತ್ತೆ ಹಾಕಿ. ಕುಡಿದು ಬಂದವರಿಗೆ ನೀರು ಹೊರುವ ಕೆಲಸವೂ ಬೇಡ, ಮನೆಗೆ ಕಳಿಸಿ. ಜಗಳ ಆಗುತ್ತದೆ, ಆಗಲಿ. ಎಲ್ಲರ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರು, ಬಿಪಿ, ಉಬ್ಬಸ ಇದ್ದರೆ ಅದು, ಒಂದು ಚೀಟಿಯಲ್ಲಿ ನಿಮ್ಮ ಜೇಬಿನಲ್ಲಿರಲಿ. ಸುಟ್ಟ ಗಾಯಕ್ಕೆ ತಣ್ಣೀರು, ಇಪ್ಪತ್ತು ನಿಮಿಷ ಹರಿಯುವ ಹಾಗೆ. ಟೂತ್‌ಪೇಸ್ಟ್, ಇಂಕು ಹಚ್ಚಲು ಬಿಡಬೇಡಿ. ಆಮೇಲೆ 108.

ಊರಿನವರು ಸಹಾಯಕ್ಕೆ ಓಡಿ ಬರುತ್ತಾರೆ. ಗ್ರಾಮ ಅರಣ್ಯ ಸಮಿತಿಯವರು, ತೋಟಕ್ಕೆ ಬೆಂಕಿ ಬಿದ್ದೀತು ಅಂತ ಹೆದರಿದವರು, ಜೊತೆಗೆ ಮೊಬೈಲ್ ಹಿಡಿದು ವಿಡಿಯೋ ಮಾಡುವ ಹುಡುಗರು. ಬಂದ ಕ್ಷಣದಿಂದ ಅವರ ಜೀವವೂ ನಿಮ್ಮ ಲೆಕ್ಕಕ್ಕೇ. ಬಂದವರನ್ನು ಎಣಿಸಿ, ಹೋಗುವಾಗ ಮತ್ತೆ ಎಣಿಸಿ. ತಲೆ ಎಣಿಕೆ ಸರಿಹೋಗದೆ ಜೀಪು ಹೊರಡಬಾರದು.

ಬೆಂಕಿ ಆರಿದ ಮೇಲೆ ಮೈಮರೆಯುವ ಹೊತ್ತಿನಲ್ಲೇ ಪೆಟ್ಟು ಬೀಳುವುದು. ಬುಡ ಸುಟ್ಟ ಒಣ ಮರ ಸದ್ದಿಲ್ಲದೆ ಬೀಳುತ್ತದೆ. ಇಳಿಜಾರಿನಲ್ಲಿ ಕೊಳ್ಳಿ ಉರುಳಿ ಬಂದು ಕೆಳಗಿನ ಹುಲ್ಲಿಗೆ ಬೀಳುತ್ತದೆ. ಒಣ ಮರದ ಕೆಳಗೆ ಊಟಕ್ಕೆ ಕೂರಬೇಡಿ. ಮರುದಿನ ಬೆಳಗ್ಗೆ ಅಂಚಿನುದ್ದಕ್ಕೂ ನಡೆದು ಹೊಗೆ ನೋಡಿ ಬನ್ನಿ, ಇಬ್ಬರು ಹೋಗಿ.

ಕೊನೆಗೆ ಬ್ಲೋವರ್. ಕೇಳಿ, ಖಂಡಿತ ಕೇಳಿ. ದರಕು ಬಿದ್ದ ಕಾಡಿನಲ್ಲಿ ಸೊಪ್ಪಿಗಿಂತ ಎಷ್ಟೋ ಬೇಗ ಕೆಲಸ ಆಗುತ್ತದೆ, ಫೈರ್ ಲೈನ್ ಶುಚಿ ಮಾಡಲೂ ಒಳ್ಳೆಯದು. ಆದರೆ ಅದನ್ನು ಹಿಡಿದವನಿಗೆ ನಿಮ್ಮ ಸೀಟಿ ಕೇಳಿಸುವುದಿಲ್ಲ. ಅದಕ್ಕೆ ಅವನ ಹಿಂದೆ ಭುಜ ಮುಟ್ಟುವಷ್ಟು ಹತ್ತಿರದಲ್ಲಿ ಇನ್ನೊಬ್ಬ ಇರಲೇಬೇಕು, ಆ ಇನ್ನೊಬ್ಬನಿಗೆ ಬೇರೆ ಕೆಲಸ ಕೊಡಬೇಡಿ. ಬ್ಲೋವರ್ ಊದುವ ಗಾಳಿಯ ದಿಕ್ಕು ಸುಟ್ಟ ಕಡೆಗೇ ಇರಲಿ, ಉಲ್ಟಾ ಆದರೆ ಕಿಡಿಯನ್ನು ನೀವೇ ಹಾರಿಸಿದ ಹಾಗೆ. ಪೆಟ್ರೋಲ್ ತುಂಬುವುದು ಬೆಂಕಿಯಿಂದ ದೂರ, ಇಂಜಿನ್ ತಣ್ಣಗಾದ ಮೇಲೆ. ಕ್ಯಾನು ಜೀಪಿನ ಹತ್ತಿರವೇ ಇರಲಿ, ಹೆಗಲ ಮೇಲೆ ಹೊತ್ತು ಗುಡ್ಡಕ್ಕೆ ತರುವುದು ಬೇಡ.